ಅರ್ಧ ರಬ್ಬರು

ನಾನು ಪೆನ್ಸಿಲ್ಲಿನಿಂದಲೇ ಬರೆಯುತ್ತೇನೆ. ಶಾಣ್ಯಾತನದಿಂದಲ್ಲ, ಹೆದರಿಕೆಯಿಂದ. ಉರ್ದು ಶಾಲೆಯಲ್ಲಿ ಮೂರನೇ ಜಮಾತು ಮುಗಿಸುವಷ್ಟರಲ್ಲಿ ನಮ್ಮಪ್ಪ ನನ್ನ ಕೈಗೆ ಎತ್ತಿನ ಹಗ್ಗ ಕೊಟ್ಟ. ಕನ್ನಡ ಅಕ್ಷರ ಮಠದ ಅಯ್ಯನವರು ಉಸುಕಿನ ಮೇಲೆ ತೀಡಿಸಿದ್ದು. ಆಮೇಲೆ ರಾಜ್ಯಗಳ ಹಂಚಿಕೆಯಾಗಿ ನಮ್ಮ ಊರು ಪೆದ್ದೆಮುಲ್ ಆಂಧ್ರಕ್ಕೆ ಬಿತ್ತು, ಬಸ್ಸಿನ ಬೋರ್ಡೆಲ್ಲ ತೆಲುಗಾತು. ಇದ್ದ ಒಂದು ತಲೆಯಲ್ಲಿ ಮೂರು ಲಿಪಿ ಸೇರಿದರೆ ಏನಾಗಬೇಕು? ಒಮ್ಮೊಮ್ಮೆ ಕನ್ನಡದ ಸಾಲನ್ನೇ ಬಲಗಡೆಯಿಂದ ಶುರು ಮಾಡಿಬಿಡುತ್ತೇನೆ. ಅದಕ್ಕೇ ಅಂಗಿಯ ಕಿಸೆಯಲ್ಲಿ ಸದಾ ಒಂದು ರಬ್ಬರು. ಪೆನ್ಸಿಲ್ಲಿಗಿಂತ ಅದೇ ಬೇಗ ಸವೆಯುತ್ತಿತ್ತು.

ಇಂಥವನ ಮೊಮ್ಮಗಳು ನೀಲಾ ಇಂಜಿನಿಯರ್! ನೋಡಿ, ಆ ಶಬ್ದ ಬರೆಯುವಾಗ ಅಕ್ಷರ ದಪ್ಪ ಬಂತು. ಇರಲಿ, ಅಳಿಸುವುದಿಲ್ಲ.

ಕಲಿಕೆ ಮುಗಿಸಿ ಬಂದಾಗ ಅವಳ ಕೈಯಲ್ಲಿ ಒಂದು ಪೆಟ್ಟಿಗೆ ಇತ್ತು. ಮುಚ್ಚಿದರೆ ಹಾರ್ಮೋನಿಯಮ್ಮಿನ ಮರಿ, ತೆರೆದರೆ ಟೈಪು ಹೊಡೆಯುವ ಯಂತ್ರ. ತೊಡೆಯ ಮೇಲೆ ಇಟ್ಟುಕೊಳ್ಳುವ ಲ್ಯಾಪ್‌ಟಾಪ್ ಕಂಪ್ಯೂಟರಂತೆ. ಕಾಲೇಜಿನ ಮಾಸ್ತರರು ನಂಬಿ ಕೊಟ್ಟಿದ್ದರು. ಮರುದಿನ ಮಧ್ಯಾಹ್ನ ಕರಣಕೋಟದ ಸಿಮೆಂಟ್ ಕಾರ್ಖಾನೆಯ ಸಾಹೇಬರ ಮುಂದೆ ತಾನು ಮಾಡಿದ ಕೆಲಸವನ್ನು ಅದರಲ್ಲಿ ತೋರಿಸಬೇಕು. ಮೆಚ್ಚಿದರೆ ನೌಕರಿ ಅಲ್ಲೇ. ದಿನಾ ಸಂಜೆ ನಮ್ಮ ಮನೆಯಲ್ಲೇ ಊಟ. ಇಲ್ಲದಿದ್ದರೆ ಮತ್ತೆ ಹೈದರಾಬಾದಿನ ಹಾಸ್ಟೆಲ್ಲು. ಆದರೆ ಪೆಟ್ಟಿಗೆಯ ನೆನಪಿನ ಶಕ್ತಿ ಅವಳ ಕೆಲಸಕ್ಕೆ ಸಾಲುತ್ತಿರಲಿಲ್ಲ. ಹೊಸ ನೆನಪು ತಂದಿದ್ದಳು: ಬಿಸ್ಕೀಟಿನಷ್ಟು ಹಸಿರು ತಗಡು, ಒಂದು ಅಂಚಿಗೆ ಸಾಲಾಗಿ ಬಂಗಾರದ ಹಲ್ಲು.

ಬೆಳಿಗ್ಗೆ ಅದನ್ನು ಕೂಡಿಸಲು ಕೂತಳು.

“ಇದನ್ನ ಹಾಕಿದ್ರ ಎಲ್ಲಾ ನೆನಪಿಡ್ತದೇನವ್ವಾ?”

“ಇಡ್ತದ ಮುತ್ಯಾ. ಬಂದ್ ಮಾಡಿದ್ರ ಎಲ್ಲಾ ಮರೀತದ.”

“ಮರೆಯಾಕ ಅಷ್ಟು ದೂರದಿಂದ ನೆನಪು ತಂದಿ?”

ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಕೂಗಿದಳು: “ಮರೆಯೂದೇ ಇದ್ರ ನಿಮ್ಮ ಮುತ್ಯಾನ ತಲೀನೇ ಕೂಡ್ಸವ್ವಾ! ಚಷ್ಮಾ ಹಣೀಮ್ಯಾಲ ಇಟ್ಕೊಂಡು ಮನೀತುಂಬ ಹುಡುಕ್ತಾರ.”

“ಇದು ಕಣ ಇದ್ದಂಗ ಮುತ್ಯಾ,” ಅಂದಳು ನೀಲಾ. “ಕಣ ದೊಡ್ಡದಿದ್ರ ಒಮ್ಮಿಗೇ ಹೆಚ್ಚು ತೊಗರಿ ಹರವಬೌದು. ರಾಶಿ ಮುಗೀತಂದ್ರ ಕಾಳು ಚೀಲಕ್ಕ, ಕಣ ಖಾಲಿ.”

ಚೀಲ ಯಾವುದು ಎಂದರೆ ಅಂಗೈ ಅಗಲದ ಒಂದು ಕರಿ ಚೌಕ ತೋರಿಸಿದಳು. ನನಗೆ ಕಣ ತಿಳಿಯಿತು, ತೊಗರಿ ತಿಳಿಯಿತು. ನೆನಪು ಮಾತ್ರ ತಿಳಿಯಲಿಲ್ಲ.

ತಗಡನ್ನು ಮುಟ್ಟುವ ಮೊದಲು ಅವಳು ಪ್ರತಿ ಸಲ ಕಿಟಕಿಯ ಸರಳು ಮುಟ್ಟುತ್ತಿದ್ದಳು. ಮೈಯಲ್ಲಿನ ಕರೆಂಟು ಕಬ್ಬಿಣಕ್ಕೆ ಇಳಿಯಬೇಕಂತೆ. ಹಾಂ, ಇದೊಂದು ಪೂರಾ ತಿಳಿಯಿತು ಅಂದುಕೊಂಡೆ. ಲಿಂಗ ಮುಟ್ಟುವ ಮೊದಲು ನಾವು ಕೈ ತೊಳೆಯುವುದಿಲ್ಲವೇ? ಇದೂ ಮಡಿಯ ಸಾಮಾನು! ಅವಳು ತಿರುಪು ಬಿಚ್ಚುವ ಪೇಚ್‌ಕಸ್ ತರಲು ಒಳಗೆ ಹೋದಳು. ನಾನು ಆಗಷ್ಟೇ ಪೂಜೆಯಿಂದ ಎದ್ದವನು, ಬೆರಳಿಗೆ ವಿಭೂತಿ ಹಾಗೇ ಇತ್ತು, ಎದೆಯಲ್ಲಿ ಸಂತೋಷ ಹಿಡಿಸದಷ್ಟಿತ್ತು. ಸರಳು ಮುಟ್ಟಿದೆ. ತಗಡು ಎತ್ತಿದೆ. ಬಂಗಾರದ ಹಲ್ಲಿನ ಮೇಲೆ ಮೂರು ಬೆರಳು ಎಳೆದು, ಕಣ್ಣಿಗೆ ಒತ್ತಿಕೊಂಡು, ಚೆಲ್ಲಿದ ಬೂದಿ ಊದಿ, ಇದ್ದಲ್ಲೇ ಇಟ್ಟೆ. ಅವಳು ಬಸ್ಸಿನ ವೇಳೆ ಕೇಳುತ್ತ ಬಂದು, ನೋಡದೆಯೇ ಒಳಗೆ ಕೂಡಿಸಿಬಿಟ್ಟಳು.

ಪೆಟ್ಟಿಗೆ ಕೀಂ ಕೀಂ ಅಂದಿತು. ಪರದೆ ಕಪ್ಪು. ತೆಗೆದು ಹಾಕಿದಳು, ಮತ್ತೆ ತೆಗೆದು ಹಾಕಿದಳು. ಅದೇ ಕೀಂ ಕೀಂ.

“ಮಾಸ್ತರರ ಸಾಮಾನು ಮುತ್ಯಾ. ಕೆಟ್ಟಿದ್ರ ಏನ್ ಮುಖ ತೋರಸ್ಲಿ?” ಅವಳ ದನಿ ಸಣ್ಣಗಾಯಿತು. ಬಸ್ಸಿಗೆ ಒಂದು ತಾಸು ಇತ್ತು.

ನಿಮ್ಮ ಮುಂದೆ ಮುಚ್ಚಿಡುವುದೇನು? ಮರೆಗುಳಿ ಎಂದು ಹೆಸರಾದವನು ಮರೆತಂತೆ ಕೂತರೆ ಯಾರು ಕೇಳುತ್ತಾರೆ ಎಂಬ ಯೋಚನೆಯೂ ಬಂದು ಹೋಯಿತು. ಆದರೆ ಅವಳ ಗದ್ದ ನಡುಗಲು ಶುರುವಾಗಿತ್ತು.

“ನೀಲವ್ವಾ, ನಾ ಅದಕ್ಕ ಇಬತ್ತಿ ಹಚ್ಚೀನಿ.”

“ಎಲ್ಲಿ? ಹಲ್ಲಿಗೇನು?”

“ಮೂರೂ ಬೆರಳಿಂದ.”

“ಇವರಿಗಿ ಖುಷಿ ಆದ್ರ ಎಮ್ಮಿಗೂ ಹಚ್ತಾರ!” ಅಂದಳು ಹೆಂಡತಿ. ನೀಲಾ ನಗಲಿಲ್ಲ. ನನ್ನ ಕಿಸೆಯ ಕಡೆ ನೋಡಿ ಕೈ ಚಾಚಿದಳು.

“ನಿನ್ನ ರಬ್ಬರ್ ಕೊಡು ಮುತ್ಯಾ.”

ಆ ಹಲ್ಲುಗಳನ್ನು ನನ್ನ ರಬ್ಬರಿನಿಂದ ಮೆಲ್ಲಗೆ ತಿಕ್ಕತೊಡಗಿದಳು. ಐವತ್ತು ವರ್ಷ ಬರೆದದ್ದನ್ನು ಇಲ್ಲದಂತೆ ಮಾಡಿದ ಸಾಮಾನು ಅದು!

“ಅಳಸಬ್ಯಾಡವ್ವಾ, ಇದ್ದ ನೆನಪೂ ಹೋದೀತು!”

“ಹೊಲಸಷ್ಟೇ ಹೋಗ್ತದ. ಸುಮ್ಕಿರು ಮುತ್ಯಾ.”

ಪುಡಿ ಒರೆಸಿ ಮತ್ತೆ ಕೂಡಿಸಿದಳು. ಈ ಸಲ ಕೀಂ ಅನ್ನಲಿಲ್ಲ. ಪರದೆಯ ಮೇಲೆ ನೆನಪಿನ ಲೆಕ್ಕದ ಅಂಕಿಗಳು ಸರಸರ ಏರಿದವು. ಹೊಸ ತಗಡು ಹಾಕುವ ಮೊದಲಿದ್ದ ಅಂಕಿ ದಾಟಿದ್ದೇ ಅವಳು ಕೂತಲ್ಲೇ ಚಪ್ಪಾಳೆ ಹೊಡೆದಳು. ಆಮೇಲೆ ನನ್ನ ಮುಂದೆ ಬಗ್ಗಿದಳು: “ಇನ್ನ ಹಚ್ಚು ಇಬತ್ತಿ. ನನ್ನ ಹಣೀಗಿ.”

ನೌಕರಿ ಸಿಕ್ಕಿತು. ಇದನ್ನು ಬರೆಯುವಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳದ ನಡುವೆ ಅವಳ ಮಾತು ಕೇಳುತ್ತಿದೆ.

ಅಂದು ಬಸ್ಸು ಹತ್ತುವ ಮೊದಲು ಅವಳು ಆ ರಬ್ಬರನ್ನೇ ಕೇಳಿದ್ದಳು. ಅಡಿಕೆ ಕತ್ತರಿಸುವ ಅಡಕೊತ್ತಿನಿಂದ ಎರಡು ಹೋಳು ಮಾಡಿದೆ. ಒಂದು ಅವಳ ಚೀಲದಲ್ಲಿ, ಒಂದು ನನ್ನ ಕಿಸೆಯಲ್ಲಿ. ಅವಳ ಹೋಳು ತಿಕ್ಕಿದರೆ ನೆನಪು ಬರುತ್ತದೆ, ನನ್ನದು ತಿಕ್ಕಿದರೆ ಹೋಗುತ್ತದೆ. ರಬ್ಬರು ಒಂದೇ. ಇದು ಹೇಗೆಂದು ಎಷ್ಟು ಸಲ ಹೇಳಿದರೂ ನನಗೆ ತಿಳಿದಿಲ್ಲ. ಅಂದಿನಿಂದ ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗುತ್ತೇನೆ. ಈ ಹಾಳೆಯ ತುಂಬ ಅಂಥ ಗೆರೆಗಳಿವೆ. ಬಲಗಡೆಯಿಂದ ಶುರುವಾದ ಸಾಲೂ ಒಂದಿದೆ. ನನ್ನ ಹೋಳು ಕಿಸೆಯಲ್ಲಿ ಅಂದು ಕತ್ತರಿಸಿದಂತೆಯೇ ಉಳಿದಿದೆ.