ಅರ್ಧ ಸಿನಿಮಾದ ಆಂಟಿ

ಸಿನಿಮಾದಲ್ಲಿ ರಕ್ತ ಬರುವ ಸೂಚನೆ ಸಿಕ್ಕಿದ್ದೇ ತಡ, ಆಂಟಿಯ ಕನ್ನಡಕ ಹಣೆಗೇರುತ್ತಿತ್ತು. ದಪ್ಪ ಗಾಜಿನ ಕನ್ನಡಕ. ಅದಿಲ್ಲದಿದ್ದರೆ ಅವರಿಗೆ ಟಿವಿಯೂ ಗೋಡೆಯೂ ಒಂದೇ. ಹಾಗೇ ಮಂಡಿ ಹಿಡಿದುಕೊಂಡು ಎದ್ದು, ಸೋಫಾದ ಮೂಲೆಯಲ್ಲಿ ನಿದ್ದೆ ಹೊಡೆಯುತ್ತಿದ್ದ ನನ್ನ ಭುಜ ತಟ್ಟುತ್ತಿದ್ದರು.

“ಏಳವಾ, ನಿನ್ನ ಪಾಳಿ ಬಂತು. ನಾ ಚಾ ಇಡ್ತೀನಿ.”

ಈ ಪರದೇಶದಲ್ಲಿ, ಲೊಂಬಾರ್ಡ್ ಊರಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಮನೆಯ ಕೆಳಗಿನ ಮನೆ ಅವರದು. ಧಾರವಾಡದವರು. ಗಂಡ ತೀರಿಕೊಂಡ ಮೇಲೆ, ಪಕ್ಕದ ರಾಜ್ಯದಾಚೆ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿದ್ದ ಮಗಳು ಎಷ್ಟು ಕರೆದರೂ ಹೋಗದೆ ಒಬ್ಬರೇ ಇದ್ದರು. ನನಗೆ ಎಲ್ಕ್ ಗ್ರೋವ್ ವಿಲೇಜ್‌ನ ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ. ಹಗಲು ನನ್ನ ಹಾಸಿಗೆಯಲ್ಲಿ ಎಷ್ಟು ಹೊರಳಾಡಿದರೂ ಬಾರದ ನಿದ್ದೆ ಆಂಟಿಯ ಸೋಫಾದಲ್ಲಿ ಬರುತ್ತಿತ್ತು. ಶನಿವಾರ ಮಧ್ಯಾಹ್ನ ಅವರಲ್ಲಿ ಊಟ, ಆಮೇಲೆ ಒಂದು ಜಪಾನೀ ದೆವ್ವದ ಸಿನಿಮಾ. ಇದೊಂದು ವ್ರತವೇ ಆಗಿಹೋಗಿತ್ತು.

ಆ ಸಿನಿಮಾಗಳೆಲ್ಲ ಒಂದೇ ಜಾತಿ. ಮುಕ್ಕಾಲು ಪಾಲು ಏನೂ ಆಗುವುದಿಲ್ಲ. ಹೆಂಗಸೊಬ್ಬಳು ಬಟ್ಟೆ ಮಡಚುತ್ತಾಳೆ, ನಲ್ಲಿ ತೊಟ್ಟಿಕ್ಕುತ್ತದೆ, ಮನೆಯ ಬೆಕ್ಕು ಖಾಲಿ ಮೂಲೆಯನ್ನೇ ನೋಡುತ್ತದೆ, ಮುಚ್ಚಿದ್ದ ಬಾಗಿಲು ಒಂದಿಷ್ಟು ಸರಿದಿರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಕತ್ತಿ, ಕರುಳು, ನೋಡಬಾರದ್ದೆಲ್ಲ. ದಣಿದು ಬಂದ ನನಗೆ ಮೊದಲ ಭಾಗ ಜೋಗುಳ. ಆಂಟಿಗೆ ಅದೇ ಸಿನಿಮಾ. ಬಾಗಿಲಲ್ಲಿ ಚಪ್ಪಲಿ ಬಿಡುವವರು, ನೆಲದ ಮೇಲೆ ಕೂತು ಉಣ್ಣುವವರು, ತೀರಿಕೊಂಡವರ ಫೋಟೋದ ಮುಂದೆ ಅನ್ನ ಇಡುವವರು ಕಂಡರೆ ಸಾಕು, “ನಮ್ಮ ಮಂದಿ ಹಂಗ ಅದಾರ ನೋಡು” ಅನ್ನುತ್ತಿದ್ದರು. ಹಾಗೆನ್ನುತ್ತಲೇ ನನಗೆ ಕೌದಿ ಹೊದಿಸುತ್ತಿದ್ದರು. ಕತ್ತಿ ಹೊರಬಂದರೆ ಮಾತ್ರ ಅವರಿಂದ ಆಗುತ್ತಿರಲಿಲ್ಲ. ನನಗೋ, ಅದೆಲ್ಲ ಬಣ್ಣದ ನೀರು.

ಹೀಗೆ ಇಬ್ಬರೂ ಅರ್ಧರ್ಧ ನೋಡಿ, ಚಹಾ ಕುಡಿಯುತ್ತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು. ಆಂಟಿ ತಮ್ಮ ಅರ್ಧವನ್ನು ಮದುವೆ ಸೀರೆಯ ಮಡಿಕೆ ಬಿಚ್ಚಿ ತೋರಿಸುವಷ್ಟು ಸಾವಕಾಶವಾಗಿ ಹೇಳುವರು. ನನ್ನ ಅರ್ಧದಲ್ಲಿ ಅವರಿಗೆ ಬೇಕಾದ್ದು ಒಂದೇ.

“ಬೆಕ್ಕು ಉಳೀತೇನು?”

ಆ ಸಿನಿಮಾಗಳಲ್ಲಿ ಬೆಕ್ಕು ಉಳಿಯುವುದೇ ಅಪರೂಪ. “ಉಳೀತು ಆಂಟಿ” ಎಂದು ನಾನು ಯಾವತ್ತೂ ಹೇಳುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅವರ ಹೊಟ್ಟೆನೋವಿಗೆ ಒಂದು ಹೆಸರು ಸಿಕ್ಕಿತು. ಡಾಕ್ಟರ ಬಳಿಗೆ ನನ್ನನ್ನೇ ಕರೆದರು. “ಮಗಳು ಬಂದ್ರ ಅಕಿ ಅಳ್ತಾಳ. ನಿನಗ ಕಡೀ ಭಾಗ ನೋಡಿ ರೂಢಿ ಐತಿ. ನೀ ಪೂರ್ತಿ ಕೇಳ್ಕೋ, ನನಗ ತಡಕೊಳ್ಳೋವಷ್ಟು ಹೇಳು.”

ಡಾಕ್ಟರು ಸ್ಕ್ಯಾನಿನ ಚಿತ್ರವಿದ್ದ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕನ್ನಡಕ ಹಣೆಗೇರಿತು. ಆಂಟಿ ಎದ್ದು ಹೊರಗೆ ಹೋದರು. ನಾನು ಕೂತು ಎಲ್ಲವನ್ನೂ ಕೇಳಿದೆ: ಇದು ವಾಸಿಯಾಗುವುದಲ್ಲ, ಕೊನೆಕೊನೆಗೆ ರಕ್ತವಾಂತಿಯೂ ಆಗಬಹುದು. ಅವತ್ತು ಅದು ಬಣ್ಣದ ನೀರಾಗಿರಲಿಲ್ಲ.

ಆಂಟಿ ಕೆಳಗೆ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕಾಯುತ್ತಿದ್ದರು.

“ನೋವಿಗೆ ಒಳ್ಳೇ ಮೆಡಿಸಿನ್ ಇದೆಯಂತೆ ಆಂಟಿ. ಆಪರೇಷನ್ ಬೇಡವಂತೆ.”

“ಬೆಕ್ಕು?”

“ಉಳಿಯತ್ತೆ.”

ಆಂಟಿ ನಕ್ಕುಬಿಟ್ಟರು. “ಎಲ್ಲಾ ಸಿನಿಮಾದಾಗೂ ಬೆಕ್ಕು ಉಳಿದಾಗ ನನಗ ತಿಳೀಲಿಲ್ಲ ಅನ್ಕೊಂಡೀಯೇನು, ಹುಚ್ಚಿ?” ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟರು. “ಇರ್ಲಿ. ಹಂಗ ಹೇಳ್ಕೋತ ಇರು. ನನ್ನ ಮಗಳಿಗೂ ಹಂಗ ಹೇಳು.”

ಮಗಳು ಬಂದು ಜೊತೆಗಿದ್ದಳು. ತಿಂಗಳುಗಟ್ಟಲೆ ನಾವಿಬ್ಬರೂ ಸರದಿಯ ಮೇಲೆ ಎಚ್ಚರವಿದ್ದೆವು. ನನಗೆ ಕಾರಿನಲ್ಲಿ, ಲಿಫ್ಟಿನಲ್ಲಿ, ನಿಂತಲ್ಲೇ ತೂಕಡಿಕೆ. ಒಂದು ಶನಿವಾರ ಮಧ್ಯಾಹ್ನ ಮಗಳು ಔಷಧಿ ತರಲು ಹೋಗಿದ್ದಳು. ಆಂಟಿಯ ಸೋಫಾದಲ್ಲಿ ನಾನು ಮೊದಲ ಸಲ ನಿದ್ದೆ ಮಾಡದೆ ಕೂತಿದ್ದೆ. ಎದುರಿಗೆ ಹಾಸಿಗೆಯಲ್ಲಿದ್ದ ಆಂಟಿ ಕಿಟಕಿಯ ಪರದೆ ಸರಿಸು ಎಂದರು, ಸರಿಸಿದೆ. ಹಿಮ ನಿಂತಿತೇ ಎಂದು ಕೇಳಿದರು, ನಿಂತಿದೆ ಎಂದೆ. ಒಂದು ಚಮಚ ನೀರು ಕುಡಿದರು. ಹಾಸಿಗೆಯ ಮೇಲೆ ಬಿದ್ದಿದ್ದ ಮಗಳ ಶಾಲನ್ನು ಎಳೆದುಕೊಂಡು, ಅಂಚಿಗೆ ಅಂಚು ಸೇರಿಸಿ ನಿಧಾನವಾಗಿ ಮಡಚಿದರು. ಇಷ್ಟು ವರ್ಷ ನಾನು ನಿದ್ದೆಯಲ್ಲಿ ಕಳೆದುಕೊಂಡಿದ್ದು ಇದನ್ನೇ ಎಂದು ಆಗ ಅನಿಸಿತು.

ಆಮೇಲೆ ಅವರ ಕೈ ಕನ್ನಡಕಕ್ಕೆ ಹೋಯಿತು. ಎತ್ತಲು ಶಕ್ತಿಯಿರಲಿಲ್ಲ. ನಾನೇ ಅದನ್ನು ಹಣೆಗೇರಿಸಿದೆ. ಮನೆಗೆ ಬಂದು ನೋಡಿಹೋಗುತ್ತಿದ್ದ ನರ್ಸಿಗೆ ಫೋನ್ ಮಾಡಿದೆ. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಹೊತ್ತೆಲ್ಲ ನಾನು ಬೇರೆ ಕಡೆ ನೋಡಲಿಲ್ಲ.

ಮಗಳು ಬರುವ ಮುಂಚೆ ನಾನೂ ನರ್ಸೂ ಸೇರಿ ಹಾಸಿಗೆಯ ಹೊದಿಕೆ ಬದಲಿಸಿ, ಆಂಟಿಯ ಮುಖ ಒರೆಸಿದೆವು. ಮಗಳು ಬಂದವಳು ಔಷಧಿಯ ಪೊಟ್ಟಣ ಕೈಯಲ್ಲಿ ಹಿಡಿದೇ ನಿಂತಳು. “ಅಮ್ಮಂಗೆ ತುಂಬಾ ಪೇನ್ ಆಯ್ತಾ? ಪ್ಲೀಸ್, ನಿಜ ಹೇಳಿ.”

ನಾನು ಅವಳನ್ನು ಕೂರಿಸಿ, ಚಹಾ ಮಾಡಿ ಕೊಟ್ಟು, ಪರದೆ ಸರಿಸಿದ್ದನ್ನು, ಹಿಮ ನಿಂತದ್ದನ್ನು, ನೀರು ಕುಡಿದದ್ದನ್ನು, ಅವಳ ಶಾಲು ಮಡಚಿದ್ದನ್ನು ಆಂಟಿಯ ಹಾಗೆಯೇ ಸಾವಕಾಶವಾಗಿ ಹೇಳಿದೆ. ಅವಳು ಆ ಶಾಲನ್ನು ಮಡಿಕೆ ಬಿಚ್ಚದೆ ಎದೆಗವಚಿಕೊಂಡಳು.

ಉಳಿದ ಅರ್ಧ ನನ್ನ ಹತ್ತಿರವೇ ಇದೆ.