ನೌರೋಜ್ ಆಗಾರ ಹೆಬ್ಬೆರಳು

ಶೀರಾಜಿನ ನಮ್ಮ ಬಜಾರಿನಲ್ಲಿ ರತ್ನಗಂಬಳಿಯ ಮುಖ ನೋಡದೆ ಅದರ ಕುಲ ಹೇಳುವವರು ನೌರೋಜ್ ಆಗಾ ಒಬ್ಬರೇ. ಯಾರು ಗಂಬಳಿ ಹರವಿದರೂ, "ಮೊದಲು ಬೋರಲು ಹಾಕಪ್ಪ. ಮುಖಕ್ಕೆ ಎಲ್ಲರೂ ಬಣ್ಣ ಬಳಿತಾರೆ, ಬೆನ್ನು ಸುಳ್ಳು ಹೇಳಲ್ಲ" ಎನ್ನುತ್ತಾರೆ. ಸಕ್ಕರೆ ಹರಳು ಕಚ್ಚಿಕೊಂಡು ಚಹಾ ಹೀರುತ್ತ, ಗಂಟುಗಳ ಮೇಲೆ ಹೆಬ್ಬೆರಳಾಡಿಸಿ, "ಇದು ತಬ್ರೀಜಿನ ಕಾರಖಾನೇದು. ಈ ಇನ್ನೊಂದರ ಅಂಚು ಸೊಟ್ಟ, ಅರ್ಧಕ್ಕೇ ಮಗ್ಗ ಕಿತ್ಕೊಂಡು ಕುರಿ ಹಿಂದೆ ಬೆಟ್ಟ ಹತ್ತಿದ ನಮ್ಮ ಅಲೆಮಾರಿ ಜನರದು" ಎಂದು ವಿಂಗಡಿಸುತ್ತಾರೆ. ಮದುವೆಮನೆಗೆ ಹೋದರೂ ವರನಿಗಿಂತ ಮೊದಲು ಹಾಸಿನ ಮೂಲೆ ಎತ್ತಿ ನೋಡುವ ಮನುಷ್ಯ. ಅವರ ಮನೆಯಲ್ಲೊಂದು ಸವೆದ ಕೆಂಪು ಗಂಬಳಿಯಿದೆ. "ಇದು ಯಾರದು ಆಗಾ?" ಎಂದು ಒಮ್ಮೆ ಕೇಳಿದೆ. ಹೆಬ್ಬೆರಳನ್ನು ನಡುವಿನವರೆಗೆ ಎಳೆದು ನಿಲ್ಲಿಸಿ, "ಇಲ್ಲೀತನಕ ಅಮ್ಮ. ಅಮ್ಮ ಹೋದಮೇಲೆ ಅಕ್ಕ ಕೂತು ಮುಗಿಸಿದ್ಲು. ಅವಳಿಗಿನ್ನೂ ಹಾಲುಹಲ್ಲು ಬೀಳ್ತಿದ್ದ ವಯಸ್ಸು" ಎಂದರು. ಬಂದವರನ್ನೆಲ್ಲ ಅವರು ಅಮ್ಮನ ಭಾಗದಲ್ಲೇ ಕೂರಿಸುತ್ತಾರೆ. ಅಕ್ಕನ ಸಡಿಲ ಗಂಟುಗಳ ಮೇಲೆ ಯಾರಿಗೂ ಕಾಲಿಡಲು ಬಿಡುವುದಿಲ್ಲ.