ತಲೆಯಡಿಯ ದಿಂಬು

ನಮ್ಮ ಮನೆಯಲ್ಲೊಂದು ದಿಂಬಿದೆ, ಗೆಳೆಯರೇ. ಹಳೆಯ ಇಳಕಲ್ ಸೀರೆಯ ಗವಸು, ಒಳಗೆ ಹೊಲದ ಹತ್ತಿ, ನಡುವೆ ಅವ್ವನ ತಲೆ ಇಷ್ಟು ವರ್ಷ ಒತ್ತಿ ಒತ್ತಿ ಮಾಡಿದ ಸಣ್ಣ ಕುಳಿ. ಮಧ್ಯಾಹ್ನ ಅವಳು ಅದರ ಮೇಲೆ ಗೊರಕೆ ಹೊಡೆಯುವಾಗ ಯಾರೂ ಅದನ್ನು ಮುಟ್ಟುವುದಿಲ್ಲ. ಮಲಗಿದವರ ತಲೆಯಡಿಯ ದಿಂಬನ್ನು ಮತ್ತೊಬ್ಬರು ಎಳೆಯುವುದು ಜೀವ ಹೋದ ಮೇಲೆ ಮಾತ್ರ ಎಂಬುದು ನಮ್ಮ ಕಡೆಯ ಹಿರಿಯರ ಕಟ್ಟಳೆ.

ರಾಯಚೂರಿನಲ್ಲಿ ಆಂಬುಲೆನ್ಸ್ ಕೆಲಸದ ತರಬೇತಿಗೆ ಸೇರಿದಾಗ ನಮಗೆ ಮೊದಲು ಒಪ್ಪಿಸಿದ್ದು ಒಂದು ರಬ್ಬರ್ ಬೊಂಬೆಯನ್ನು. ಸೊಂಟದ ಕೆಳಗೆ ಏನೂ ಇಲ್ಲದ, ಎಂದೂ ರೆಪ್ಪೆ ಮುಚ್ಚದ ಆ ಬೊಂಬೆಯ ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ ಗಾಳಿ ಕೊಟ್ಟರೆ ಎದೆ ಉಬ್ಬುತ್ತಿತ್ತು. ಗದ್ದ ಒಂದಿಷ್ಟು ಜಾರಿತೋ, ಅಲ್ಲಿಗೆ ಮುಗಿಯಿತು. ಮಾನ್ವಿಯವರಾದ ನಮ್ಮ ಗುರುಗಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಎಚ್ಚರ ಇಲ್ದವ್ರು ಗೊರಕಿ ಹೊಡದ್ರ ಅದು ನಿದ್ದಿ ಅಲ್ರೀ. ನಾಲಿಗಿ ಹಿಂದಕ್ಕ ಬಿದ್ದು ಉಸಿರಿನ ದಾರಿ ಕಟ್ಟಾಕತ್ತದ. ಮೊದ್ಲು ತಲಿದಿಂಬ ತಗೀರಿ.” ಅಂದಿನಿಂದ ಅವ್ವನ ಗೊರಕೆಯೂ ನನಗೆ ಮೊದಲಿನಂತೆ ಕೇಳಿಸಲಿಲ್ಲ.

ನನ್ನ ಮೊದಲ ಕರೆ ಬಂದದ್ದು ಒಂದು ಸೋಮವಾರ ನಡುಮಧ್ಯಾಹ್ನ, ದೇವದುರ್ಗದ ಹತ್ತಿರದ ಹಳ್ಳಿಯಿಂದ. ಮುದುಕನೊಬ್ಬ ತಲೆಸುತ್ತಿ ಬಿದ್ದನೆಂದು ನೆರೆಯವರು ಫೋನ್ ಮಾಡಿದ್ದರು. ಹಿರಿಯ ಸಹೋದ್ಯೋಗಿಯ ಬೆನ್ನಿಗೆ ನಾನೂ ಒಳಹೊಕ್ಕೆ. ಪಡಸಾಲೆಯಲ್ಲಿ ಹತ್ತು-ಹನ್ನೆರಡು ಹೆಂಗಸರು ಗೋಡೆಗೊರಗಿ ಕುಳಿತಿದ್ದರು. ಮಂಚದ ಮೇಲೆ ಮೂರು ದಿಂಬುಗಳ ಎತ್ತರದಲ್ಲಿ ಮುದುಕನ ತಲೆ. ಗದ್ದ ಎದೆಗೆ ಅಂಟಿತ್ತು. ಆ ಮನೆಯಲ್ಲಿದ್ದ ಸದ್ದೆಂದರೆ ಅವನ ಗೊರಕೆಯೊಂದೇ.

“ಸಕ್ರಿ ಕಾಯ್ಲಿ ಗುಳಿಗಿ ನುಂಗಿ ಉಪಾಸ ಇದ್ರು. ಈಗ ಚಲೋ ನಿದ್ದಿ ಹತ್ತೇದ, ಎಬ್ಬಿಸಬ್ಯಾಡ್ರಿ,” ಎಂದು ಹೆಂಡತಿ ಪಿಸುಗುಟ್ಟಿದಳು.

ಅಷ್ಟರಲ್ಲಿ ಗೊರಕೆ ನಿಂತಿತು. ಕಲಿತ ಕೈ ಕಟ್ಟಳೆಯನ್ನು ಮರೆಯಿತು. ಮೂರೂ ದಿಂಬುಗಳನ್ನು ಸರಕ್ಕನೆ ಎಳೆದುಬಿಟ್ಟೆ.

ಹನ್ನೆರಡು ಬಾಯಿಗಳು ಒಟ್ಟಿಗೆ ತೆರೆದವು. “ಹೋದ್ಯಾ ಯಪ್ಪಾ!” ಅವನು ಸತ್ತನೆಂದು ಯಾರೂ ಹೇಳಿರಲಿಲ್ಲ, ನನ್ನ ಕೈಯೇ ಹೇಳಿತ್ತು. ತಲೆ ಬಾಗಿಸಿ, ಗದ್ದ ಎತ್ತಿ, ಅವನ ಬಾಯಿಗೆ ಕಿವಿಯಿಟ್ಟೆ. ಕೇಳಿದ್ದು ಅವನಿಗಾಗಿ ಅಳುತ್ತಿದ್ದವರ ದನಿ ಮಾತ್ರ. ಬೊಂಬೆಯ ಮುಚ್ಚದ ಕಣ್ಣು ನೆನಪಾಯಿತು, ನಿಜಕ್ಕೂ ಹೆದರಿದೆ. ಆಮೇಲೆ ಕೆನ್ನೆಗೆ ಏನೋ ತಾಗಿತು, ಬೆಚ್ಚಗೆ, ಮತ್ತೊಮ್ಮೆ.

“ಉಸಿರಾಡಾಕತ್ತಾರ್ರೀ!” ಎಂದು ಕೂಗಿದೆ. ಯಾರೂ ನಂಬಲಿಲ್ಲ. ಸಹೋದ್ಯೋಗಿ ಬೆರಳು ಚುಚ್ಚಿ ನೋಡಿದರು, ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು. ನರಕ್ಕೆ ಗ್ಲೂಕೋಸ್ ಬಿಟ್ಟರು. ನಾನು ಗದ್ದ ಬಿಡಲಿಲ್ಲ, ಅವರು ಅಳು ಬಿಡಲಿಲ್ಲ. ಇರುವವನಿಗೂ ಇಲ್ಲದವನಿಗೂ ನಡುವೆ ಇರುವುದು ನಾಲ್ಕು ಬೆರಳು ದಪ್ಪದ ಹತ್ತಿಯಷ್ಟೇ ಎಂದು ಆಗ ನನಗೆ ಅನಿಸಿದ್ದು ಇಂದಿಗೂ ಹೋಗಿಲ್ಲ. ಕೊನೆಗೆ ಮುದುಕ ಕಣ್ಣು ತೆರೆದು, ಸುತ್ತ ನೋಡಿ ಕೇಳಿದ:

“ಯಾರ್ ಸತ್ತಾರಬೇ?”

ಅಳು ಒಮ್ಮೆಲೇ ನಿಂತಿತು. ಅವನು ಚಾಚಿದ ಕೈಯನ್ನು ಹಿಡಿಯಲು ಹೆಂಡತಿಯೂ ಬಹಳ ಹೊತ್ತು ಮುಂದೆ ಬರಲಿಲ್ಲ.

ಮರುದಿನ ರಜೆ. ಮಧ್ಯಾಹ್ನ ಅವ್ವ ತನ್ನ ದಿಂಬಿನ ಮೇಲೆ ಗೊರಕೆ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಕುಳಿತು ನಾನು ಅದನ್ನೇ ಎಣಿಸುತ್ತಿದ್ದೆ. ನಡುವೆ ಒಮ್ಮೆ ಅದು ನಿಂತಿತು. ಬಗ್ಗಿ ಕೆನ್ನೆ ಒಡ್ಡಿದೆ. ಕೈ ನನ್ನನ್ನು ಕೇಳದೆಯೇ ದಿಂಬಿನ ಅಂಚಿಗೆ ಹೋಗಿತ್ತು.

ಕಣ್ಣು ತೆರೆಯದೆಯೇ ಅವ್ವ ನನ್ನ ಮಣಿಕಟ್ಟು ಹಿಡಿದಳು.

“ದಿಂಬ ಬಿಡಬೇ,” ಎಂದಳು. “ನಾ ಇನ್ನೂ ಅದೀನಿ.”